ಅದೇ ಅಳತೆಯ ಪ್ರಕಟಣೆ

“ಅಳತೆ ನಾವೇ ತಗೋತೀವಿ ಯಜಮಾನ್ರೇ,” ಎಂದಳು ಜಾಹೀರಾತು ಕೌಂಟರಿನ ಹುಡುಗಿ. ಮುದುಕ ದರ್ಜಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು, ಹಳದಿಗಟ್ಟಿದ ಪತ್ರಿಕೆಯ ತುಣುಕಿನ ಮೇಲೆ ಹಿಡಿದ.

“ಎರಡು ಇಂಚು ಅಗಲ, ಒಂದೂವರೆ ಉದ್ದ. ಒಂದು ನೂಲೂ ಕಮ್ಮಿ ಆಗ್ಬಾರ್ದು ತಾಯಿ.”

ಹುಡುಗಿ ತುಣುಕನ್ನು ಓದಿದಳು. ಇಪ್ಪತ್ತೆರಡು ವರ್ಷ ಹಳೆಯದು. ಮಗಳು ತನ್ನ ಮಾತು ಮೀರಿ ಮದುವೆಯಾಗಿದ್ದಾಳೆ, ಇನ್ನು ಮುಂದೆ ಅವಳಿಗೂ ತನಗೂ ಯಾವ ಸಂಬಂಧವೂ ಇಲ್ಲ ಎಂದು ಇದೇ ದರ್ಜಿ ಹಾಕಿಸಿದ್ದ ಪ್ರಕಟಣೆ.

“ಈಗೇನು ಹಾಕ್ಬೇಕು?”

“ಅದನ್ನ ವಾಪಸ್ ತಗೋಬೇಕು.”

ಜಾಹೀರಾತಿನ ಅರ್ಜಿಯಲ್ಲಿ ‘ಕಳೆದುಹೋಗಿದೆ’, ‘ಬಾಡಿಗೆಗಿದೆ’, ‘ಹೆಸರು ಬದಲಾವಣೆ’, ‘ಶ್ರದ್ಧಾಂಜಲಿ’ ಎಂಬ ತಲೆಬರಹಗಳಿದ್ದವು. ವಾಪಸು ತಗೊಳ್ಳುವುದಕ್ಕೆ ಯಾವುದೂ ಇರಲಿಲ್ಲ. ಅವಳು ವಿಭಾಗದ ಮುಖ್ಯಸ್ಥರನ್ನು ಕರೆದಳು. ಅವರು ಕನ್ನಡಕ ಹಣೆಗೇರಿಸಿ ತುಣುಕಿನ ಮೇಲೆ ಕಣ್ಣಾಡಿಸಿದರು.

“ಮಗಳ ಮನೆಗೆ ಹೋಗಿ ಒಂದು ಮಾತು ಹೇಳಿದ್ರೆ ಮುಗೀತಲ್ರೀ. ಮನೆ ವಿಷಯಕ್ಕೆ ಯಾಕಿಷ್ಟು ಪ್ರಚಾರ?”

“ಅವತ್ತು ನನ್ನ ಹೆಂಡ್ತೀನೂ ಹೀಗೇ ಅಂದಿದ್ಲು ಸಾರ್. ಇದು ಪ್ರಚಾರ ಅಲ್ಲ ಕಣೇ, ಪ್ರಕಟಣೆ ಅಂತ ದೊಡ್ಡದಾಗಿ ಹೇಳ್ಬಿಟ್ಟೆ. ಎರಡಕ್ಕೂ ಏನು ವ್ಯತ್ಯಾಸಾರೀ ಅಂತ ಸಾಯೋವರೆಗೂ ಕೇಳ್ತಾನೇ ಇದ್ಲು.” ದರ್ಜಿ ನಗಲು ಹೋದ, ನಗು ಅರ್ಧಕ್ಕೇ ನಿಂತಿತು.

ಆಮೇಲೆ ಆಸ್ಪತ್ರೆಯ ವಿಷಯ ಹೇಳಿದ. ಕಳೆದ ತಿಂಗಳು ಹೊಲಿಗೆ ಯಂತ್ರದ ಮುಂದೆಯೇ ಕುಸಿದು ಬಿದ್ದಿದ್ದ. ಯಾರು ಸುದ್ದಿ ಮುಟ್ಟಿಸಿದರೋ, ಮಗಳು ಬಂದಿದ್ದಳು. ಒಂಬತ್ತು ದಿನ ಗಂಜಿ ಕುಡಿಸಿದಳು, ಮೈ ಒರೆಸಿದಳು, ಉಗುರನ್ನೂ ಕತ್ತರಿಸಿದಳು. ಬಿಡುಗಡೆಯ ಕಾಗದ ಕೈಗೆ ಬಂದಾಗ ನೋಡಿದರೆ, ‘ರೋಗಿಗೆ ಸಂಬಂಧ’ ಎಂಬಲ್ಲಿ ಅವಳು ‘ಪರಿಚಯದವರು’ ಎಂದು ಬರೆದಿದ್ದಳು.

“ಹೀಗ್ಯಾಕೆ ಬರ್ದೆ ಅಂತ ಕೇಳ್ದೆ. ‘ನೀವೇ ಪೇಪರ್‌ನಲ್ಲಿ ಹಾಕ್ಸಿದ್ರಲ್ಲಪ್ಪಾ’ ಅಂದ್ಲು. ಸಿಟ್ಟಿಲ್ಲ ಸಾರ್, ನಗ್ತಾನೇ ಅಂದ್ಲು. ಊರಿಗೆಲ್ಲ ಕೇಳೋ ಹಾಗೆ ಹೇಳಿದ್ದು ನಾನು. ಈಗ ಅವಳೊಬ್ಬಳ ಕಿವೀಲಿ ತಪ್ಪಾಯ್ತು ಅಂದ್ರೆ ಹೇಗೆ?”

ಮುಖ್ಯಸ್ಥರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ, “ಬರ್ಕೊಳ್ಳಮ್ಮ,” ಎಂದು ಹುಡುಗಿಗೆ ಹೇಳಿ ಒಳಗೆ ಹೋದರು.

ದರ್ಜಿ ಮಗಳ ಹೆಸರನ್ನು ತಾನೇ ಬರೆದ. ಹೆಸರಿನ ಹಿಂದೆ ತನ್ನ ಹೆಸರಿನ ಮೊದಲಕ್ಷರ ಸೇರಿಸಿ, ಚುಕ್ಕಿಯನ್ನು ಒತ್ತಿ ಇಟ್ಟ. ಅದರ ಕೆಳಗೆ ಹುಡುಗಿ ಅವನು ಹೇಳಿದ್ದನ್ನು ಬರೆದುಕೊಂಡಳು. ‘ಈಕೆಗೂ ನನಗೂ ಸಂಬಂಧವಿಲ್ಲವೆಂದು ಹಿಂದೆ ಇದೇ ಪತ್ರಿಕೆಯಲ್ಲಿ ಪ್ರಕಟಿಸಿದ್ದೆ. ಅದು ಸುಳ್ಳು. ಈಕೆ ನನ್ನ ಮಗಳು. ಸಂಬಂಧಪಟ್ಟವರೂ ಪಡದವರೂ ಗಮನಿಸಬೇಕು.’

“ಕೊನೇ ಸಾಲು ಬೇಕಾ?” ಎಂದಳು ಹುಡುಗಿ.

“ಅದೇ ಮುಖ್ಯ ತಾಯಿ.”

ಗುರುವಾರ ಅದು ಅಚ್ಚಾಯಿತು. ಒಂದು ಕಡೆ ನಿವೇಶನದ ತಕರಾರು, ಇನ್ನೊಂದು ಕಡೆ ಕಳೆದುಹೋದ ಅಂಕಪಟ್ಟಿ. ಹನ್ನೊಂದು ಗಂಟೆಯ ಹೊತ್ತಿಗೆ ಹೆಂಗಸೊಬ್ಬಳು ಬಂದಳು. ಕೈಗೆ ಗೋಧಿಹಿಟ್ಟು ಮೆತ್ತಿಕೊಂಡಿತ್ತು. ಕೆಲಸ ಅರ್ಧಕ್ಕೇ ಬಿಟ್ಟು ಎದ್ದು ಬಂದಂತಿತ್ತು.

“ಇವತ್ತಿನ ಪೇಪರ್ ಇದ್ಯಾ? ಪಕ್ಕದ ಮನೆಯವರು ಓದಿ ಹೇಳಿದ್ರು.”

“ಇದೆ. ಎಷ್ಟು ಬೇಕು?”

“ಎಷ್ಟಿವೆ?”

ಹುಡುಗಿ ಮೇಜಿನ ಕೆಳಗಿದ್ದ ಕಟ್ಟನ್ನು ಇಡಿಯಾಗಿ ಎತ್ತಿ ಕೊಟ್ಟಳು. ಹೆಂಗಸು ಕಟ್ಟನ್ನು ಅವುಚಿಕೊಂಡು ಹೊರಟುಹೋದಳು.

ಗಾಜಿನ ಬಾಗಿಲಾಚೆ ಬಸ್ ನಿಲ್ದಾಣ ಕಾಣುತ್ತಿತ್ತು. ಅವಳು ಕಲ್ಲುಬೆಂಚಿನ ಮೇಲೆ ಕೂತು ಒಂದು ಪತ್ರಿಕೆ ಬಿಡಿಸಿದಳು. ಬಸ್ಸೊಂದು ಬಂತು, ಹೋಯಿತು; ಅವಳು ಏಳಲಿಲ್ಲ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದ ಯಾರೋ ಅಜ್ಜಿಯತ್ತ ಪುಟವನ್ನು ವಾಲಿಸಿ, ಒಂದು ಕಡೆ ಬೆರಳಿಟ್ಟಳು. ಅಜ್ಜಿ ಸೊಂಟದ ಚೀಲದಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ನಿಧಾನವಾಗಿ ಒರೆಸತೊಡಗಿದರು.