ಹೂಂಗುಟ್ಟುವವರು

"ಕಥೆಯ ಮಲತಾಯಿ ನಿಜವಾದ ಹೆಂಗಸಲ್ಲ" ಎಂದು ಶರ್ವಾಣಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಹೇಳುವುದಕ್ಕೂ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು. ಸೋಮವಾರ ಬೆಳಗಾದಾಗಿನಿಂದ ಇದೇ ಹಾಡು. ಮೊದಲು ಮೀನಿನ ಗಾಡಿಯ ಹಾರ್ನ್, ಆಮೇಲೆ ಪಕ್ಕದ ಮನೆಯ ಮಿಕ್ಸಿ, ಈಗ ಸ್ವಂತ ಮನೆಯ ಬೇಳೆ. ತಲೆಯ ಮೇಲೆ ಬೆಡ್‌ಶೀಟು ಹೊದ್ದುಕೊಂಡರೆ ಸ್ವರ ಚೆನ್ನಾಗಿ ಬರುತ್ತದೆಂದು ಯಾವುದೋ ವೀಡಿಯೊ ಹೇಳಿತ್ತು. ಮಣಿಪಾಲದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಉಪನ್ಯಾಸಕಿ ಮೇ ತಿಂಗಳ ಸೆಕೆಯಲ್ಲಿ, ಕಾಪುವಿನ ಮನೆಯ ನೆಲದ ಮೇಲೆ, ಹೊದಿಕೆಯೊಳಗೆ ಬೆವರುತ್ತ ಕೂತದ್ದನ್ನು ವಿದ್ಯಾರ್ಥಿಗಳು ಕಂಡಿದ್ದರೆ ಅವರಿಗೆ ಇಡೀ ವರ್ಷ ನಗಲು ಸಾಕಾಗುತ್ತಿತ್ತು.

ಕಾಲೇಜಿನ ಪಾಡ್‌ಕಾಸ್ಟ್ ನೋಡಿಕೊಳ್ಳುವ ವಿಜೇತಾಗೆ ಶನಿವಾರದೊಳಗೆ ಈ ಕಂತು ಬೇಕಿತ್ತು. ಅಜ್ಜಿಕಥೆಗಳ ಮನಃಶಾಸ್ತ್ರ, ವಿಷಯ ಮಲತಾಯಿ. "ಮೇಡಂ, ಬೇರೆ ಯಾರ ಸ್ವರವೂ ಬರಬಾರದು ಆಯ್ತಾ? ಕ್ಲೀನ್ ಆಡಿಯೊ ಬೇಕು" ಎಂದು ಅವಳು ಮತ್ತೆ ಮತ್ತೆ ಹೇಳಿದ್ದಳು. ವಿಷಯ ಆರಿಸಿದವಳು ಶರ್ವಾಣಿಯೇ. ರಘುವೀರನನ್ನು ಮದುವೆಯಾಗಿ ಅವನ ಮಗಳು ಮಾನ್ಯಾಳಿಗೆ ತಾನು ಏನಾಗಿದ್ದೇನೋ ಅದರ ಬಗ್ಗೆ ಪುಸ್ತಕ ಓದಿಯಾದರೂ ತಿಳಿಯೋಣವೆಂಬ ಹಟ ಇದ್ದಿರಬೇಕು.

ಮಾನ್ಯಾಳಿಗೆ ಒಂಬತ್ತು ವರ್ಷ. ತಾಯಿ ತೀರಿಹೋದಾಗ ಐದು. ಕಳೆದ ಭಾನುವಾರ ಅವಳ ತಾಯಿಯ ತಾಯಿ ನರ್ಮದಮ್ಮ ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಫೋನು ಮಾಡಿ, "ಶಾಲೆ ಶುರುವಾಗುವ ಮೊದಲು ಮಗುವನ್ನು ನನ್ನ ಹತ್ತಿರ ಕಳಿಸಿ. ಕಾರ್ಕಳದಲ್ಲಿ ಒಳ್ಳೆಯ ಶಾಲೆ ಉಂಟು" ಎಂದಿದ್ದರು. ಅದರಲ್ಲಿ ಕುಹಕವಿರಲಿಲ್ಲ, ಪ್ರೀತಿಯೇ ಇತ್ತು. ರಘುವೀರ ಕಾರ್ಕಳದ ಸೊಸೈಟಿಯ ಕೆಲಸಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುವವನು. ಅವನಿಗೆ ಅದೇನು ದೂರವೂ ಅಲ್ಲ. "ಬರುವ ಭಾನುವಾರ ಬರ್ತೇವೆ. ಅವಳೇ ಹೇಳಲಿ" ಎಂದು ಒಪ್ಪಿಕೊಂಡುಬಿಟ್ಟ. ಶರ್ವಾಣಿ ಮುಖ ಸಣ್ಣ ಮಾಡಿದ್ದಕ್ಕೆ, "ಸುಮ್ಮನೆ ತಲೆಬಿಸಿ ಮಾಡ್ಬೇಡ ಮಾರಾಯ್ತಿ" ಎಂದ.

ಮಗು ಹೋಗಬಾರದು. ಶರ್ವಾಣಿಗೆ ಬೇಕಾದದ್ದು ಅಷ್ಟೇ. ಈ ಆಸೆ ಯಾವಾಗ ಇಷ್ಟು ಬೆಳೆಯಿತೆಂದು ಅವಳಿಗೇ ಗೊತ್ತಿಲ್ಲ. ಇರು ಎಂದು ಕೇಳಿದರೆ ಒತ್ತಾಯವಾದೀತು, ಕೇಳದಿದ್ದರೆ ತಾನು ಬೇಡವಾಗಿದ್ದೇನೆ ಎಂದು ಮಗು ಅಂದುಕೊಂಡೀತು. ಮಾನ್ಯಾ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. "ಹಸಿವಾಗ್ತಾ ಉಂಟು" ಎಂದು ಫ್ರಿಜ್ಜಿಗೆ ಹೇಳುತ್ತಿದ್ದಳು. "ಬಾಚಣಿಗೆ ಎಲ್ಲುಂಟು?" ಎಂದು ಕನ್ನಡಿಯನ್ನು ಕೇಳುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಶರ್ವಾಣಿ ಮಲಗುವಾಗ ಕಥೆ ಹೇಳಲು ಹೋಗಿದ್ದಳು. ಅಜ್ಜಿಯ ಮಲ್ಲಿಗೆ ಕಥೆಗೆ ಸಾಲುಸಾಲಿಗೂ ಹೂಂಗುಟ್ಟುವ ಹುಡುಗಿ ಅಂದು ಗೋಡೆಗೆ ಮುಖ ಹಾಕಿ ಮಲಗಿದವಳು ಕಮಕ್ ಕಿಮಕ್ ಎನ್ನಲಿಲ್ಲ. ಕಥೆ ಅರ್ಧದಲ್ಲೇ ನಿಂತಿತು. ಶರ್ವಾಣಿ ದೀಪ ಆರಿಸಿ ಎದ್ದುಬಂದಿದ್ದಳು.

ಮಂಗಳವಾರ ಶಂಕರಪುರಕ್ಕೆ ಹೋಗಿ ಬಿಡಿ ಮಲ್ಲಿಗೆ ಮೊಗ್ಗು ತಂದಳು. ಮಾನ್ಯಾ ಅಜ್ಜಿಯ ಮನೆಯಲ್ಲಿ ಹೂ ಕಟ್ಟುತ್ತಾಳೆ. ತಾನೂ ಕಲಿತರೆ ಜೊತೆಗೆ ಕೂರಬಹುದಲ್ಲ ಎಂಬುದು ಅವಳ ಲೆಕ್ಕಾಚಾರ. ಜಗಲಿಯಲ್ಲಿ ಕೂತು ವೀಡಿಯೊ ಹಾಕಿದರೆ ಅದು ಗಂಟು ಹಾಕುವ ಹೊತ್ತಿಗೆ ಸರಿಯಾಗಿ ಗಿರಗಿರ ತಿರುಗುತ್ತ ನಿಲ್ಲುತ್ತಿತ್ತು. ಹೊಲಿಗೆ ದಾರದಲ್ಲಿ ಕಟ್ಟಿದ ಮೊಗ್ಗುಗಳು ಕತ್ತು ಕೊಯ್ದುಕೊಂಡು ಮಡಿಲಿಗೆ ಬಿದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾನ್ಯಾಳಿಗೆ ತಡೆಯಲಾಗಲಿಲ್ಲ.

"ದಾರ ಅಲ್ಲ, ಬಾಳೆನಾರು."

"ಹೌದಾ? ನನಗೆ ಗೊತ್ತೇ ಇರಲಿಲ್ಲ."

"ಒದ್ದೆ ಮಾಡ್ಬೇಕು. ಇಲ್ಲದಿದ್ರೆ ತುಂಡಾಗ್ತದೆ." ಹಿತ್ತಿಲಿಂದ ನಾರು ಸಿಗಿದು ತಂದು, ನೀರಿನಲ್ಲಿ ಅದ್ದಿ, ಪಕ್ಕದಲ್ಲೇ ಕೂತಳು. ಇಬ್ಬರೂ ಮಾತಿಲ್ಲದೆ ಗೇಣುದ್ದ ಕಟ್ಟಿದರು. ಶರ್ವಾಣಿಗೆ ಆಕಾಶವೇ ಕೈಗೆ ಸಿಕ್ಕಿದಷ್ಟು ಸಂತೋಷ. ಸುಮ್ಮನಿರಬಾರದಿತ್ತೇ? ಪಾಠ ಮಾಡುವವರ ಬಾಯಿ, ಸುಮ್ಮನಿರಲಿಲ್ಲ. "ಇದನ್ನು ಅಮ್ಮ ಕಲಿಸಿದ್ದಾ?" ಎಂದು ಕೇಳಿಬಿಟ್ಟಳು.

"ಅಜ್ಜಿ" ಎಂದು ಮಾನ್ಯಾ ಎದ್ದು ಒಳಗೆ ಹೋದಳು. ರಘುವೀರ ಉಡುಗೊರೆ ಕೊಟ್ಟಿದ್ದ ಸ್ಮಾರ್ಟ್ ವಾಚು ಅದೇ ಹೊತ್ತಿಗೆ ಮಣಿಕಟ್ಟಿನಲ್ಲಿ ನಡುಗಿ, ಒತ್ತಡ ಹೆಚ್ಚಿದೆ, ದೀರ್ಘವಾಗಿ ಉಸಿರಾಡಿ ಎಂದು ಬುದ್ಧಿ ಹೇಳಿತು.

ಮರುದಿನ ನಸುಕಿನಲ್ಲೇ ಕಡಲತಡಿಗೆ ಹೋಗಿ ದೀಪಸ್ತಂಭದವರೆಗೆ ನಡೆದಳು, ಅಲ್ಲಿಂದ ತಿರುಗಿ ನಡೆದಳು, ಮತ್ತೆ ನಡೆದಳು. ಕಾಲು ಸೋತವೇ ಹೊರತು ತಲೆ ಸೋಲಲಿಲ್ಲ. ವಾಚು ಮಾತ್ರ ಹೆಜ್ಜೆಗಳ ಗುರಿ ಮುಟ್ಟಿತೆಂದು ಪರದೆಯಲ್ಲಿ ಪಟಾಕಿ ಹಾರಿಸಿ ಅಭಿನಂದಿಸಿತು.

ಗುರುವಾರ ಮಧ್ಯಾಹ್ನ ಯಾವ ಪುಣ್ಯವೋ, ಕಂತು ಪೂರ್ತಿ ರೆಕಾರ್ಡ್ ಆಯಿತು. ಹಾರ್ನಿಲ್ಲ, ಕುಕ್ಕರಿಲ್ಲ. ಹೊದಿಕೆ ಕಿತ್ತೆಸೆದು, ಸ್ಪೀಕರ್ ಹಾಕಿ ಕೇಳತೊಡಗಿದಳು. ಫೋನಿನೊಳಗಿನ ಶರ್ವಾಣಿ ತಡವರಿಸದೆ ಹೇಳುತ್ತಿದ್ದಳು: "ತಾಯಿಯ ಮೇಲೆ ಸಿಟ್ಟಾಗಲು ಮಗುವಿಗೆ ಹೆದರಿಕೆ. ಆ ಸಿಟ್ಟನ್ನು ಹೊರಿಸುವುದಕ್ಕಾಗಿಯೇ ಕಥೆ ಒಬ್ಬ ಮಲತಾಯಿಯನ್ನು ತರುತ್ತದೆ."

"ನನಗೆ ಅಮ್ಮನ ಮೇಲೆ ಸಿಟ್ಟು ಇಲ್ಲ."

ಮಾನ್ಯಾ ಬಾಗಿಲ ಬಳಿ ನಿಂತಿದ್ದಳು.

"ಅದು ನಿನ್ನ ಬಗ್ಗೆ ಅಲ್ಲ ಪುಟ್ಟಾ, ಕಥೆಯ ಬಗ್ಗೆ."

"ಕಥೆಯ ಹುಡುಗಿ ನಾನೇ ಅಲ್ವಾ?"

ಶರ್ವಾಣಿ ಫೋನಿನೊಳಗಿನ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಮಗು ಅಲ್ಲಿಂದ ಹೋದ ಮೇಲೆ ಆ ರೆಕಾರ್ಡಿಂಗನ್ನು ಅಳಿಸಿದಳು. ಖಚಿತವೇ ಎಂದು ಫೋನು ಕೇಳಿತು. ಹೌದು ಎಂದು ಒತ್ತುವಾಗ ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಶುಕ್ರವಾರ ಮಾನ್ಯಾ ತಾನಾಗಿಯೇ ಶಾಲೆಯ ಚೀಲ ಖಾಲಿ ಮಾಡಿ ಎರಡು ಫ್ರಾಕು, ಬಣ್ಣದ ಪೆನ್ಸಿಲ್ಲು ತುಂಬಿಟ್ಟಳು. ಶರ್ವಾಣಿ ಅದನ್ನು ಕಂಡರೂ ಕಾಣದಂತೆ ಬಟ್ಟೆ ಮಡಚಿದಳು. ಆಮೇಲೆ ಹಿತ್ತಿಲಿಗೆ ಹೋಗಿ ನರ್ಮದಮ್ಮನಿಗೆ ಫೋನು ಮಾಡಿ, ಮಾನ್ಯಾಳಿಗೆ ಹೇಳುವ ಮಲ್ಲಿಗೆಯ ಕಥೆಯನ್ನು ತನಗೂ ಹೇಳಿ ಎಂದಳು.

"ಹೇಳ್ತೇನೆ. ಆದ್ರೆ ನೀನು ಹೂಂ ಹೇಳ್ಬೇಕು. ಹೂಂ ಹೇಳುವವರಿಲ್ಲದಿದ್ರೆ ನನಗೆ ಕಥೆ ಮುಂದೆ ಹೋಗುವುದೇ ಇಲ್ಲ" ಎಂದರು ನರ್ಮದಮ್ಮ. ಹೂ ಬಿಡದ ಕಾಲದಲ್ಲಿ ಮಲತಾಯಿ ಹುಡುಗಿಯನ್ನು ಮಲ್ಲಿಗೆ ತರಲು ಅಟ್ಟುತ್ತಾಳೆ. ಹುಡುಗಿ ಊರೂರು ಅಲೆಯುತ್ತಾಳೆ. ಕೊನೆಗೆ ಕಡಲಮ್ಮ ಅವಳ ಬುಟ್ಟಿಯ ತುಂಬ ನೊರೆ ತುಂಬಿ ಅದನ್ನು ಹೂವಾಗಿಸುತ್ತಾಳೆ. ಮಲತಾಯಿ ಏಡಿಯಾಗಿ ಮರಳು ತೋಡುತ್ತ ಉಳಿಯುತ್ತಾಳೆ. ಶರ್ವಾಣಿ ಏಡಿಗೂ ಹೂಂ ಎಂದಳು. "ಕಥೆ ಹಾಗೆ ಉಂಟು, ನಾನೆಂತ ಮಾಡ್ಲಿ ಹೇಳು" ಎಂದು ನರ್ಮದಮ್ಮ ಮೆಲ್ಲಗೆ ಅಂದರು.

ಶನಿವಾರ ಮುಸ್ಸಂಜೆ ಕರೆಂಟು ಹೋಯಿತು. ಫ್ಯಾನು, ಮಿಕ್ಸಿ, ಟಿ.ವಿ. ಎಲ್ಲ ಒಮ್ಮೆಗೇ ನಿಂತು ದೂರದ ಕಡಲು ಕೇಳಿಸಿತು. ರಘುವೀರ ಇನ್ನೂ ದಾರಿಯಲ್ಲಿದ್ದ. ಇಂಥ ಮೌನ ಇನ್ನು ಸಿಗದೆಂದು ಶರ್ವಾಣಿ ವಾಚು ಬಿಚ್ಚಿಟ್ಟು, ಹೊದಿಕೆಯೊಳಗೆ ತೂರಿ ಕೆಂಪು ಗುಂಡಿ ಒತ್ತಿದಳು. ಸಿದ್ಧಾಂತ ಬಾಯಿಗೆ ಬರಲೊಲ್ಲದು. "ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು" ಎಂದು ಶುರುಮಾಡಿದಳು. ಮಲತಾಯಿ ಬಂದಳು, ಬುಟ್ಟಿ ಕೊಟ್ಟು ಅಟ್ಟಿದಳು. ಹುಡುಗಿ ಹೋದಳು. ಕತ್ತಲಾಯಿತು. ಇನ್ನು ಕಡಲಮ್ಮ ಬರಬೇಕು, ಏಡಿ ಬರಬೇಕು.

"ಮಲತಾಯಿ ಹೊಸ್ತಿಲಲ್ಲೇ ಕೂತಿದ್ದಳು" ಎಂದಳು ಶರ್ವಾಣಿ. ಇದು ನರ್ಮದಮ್ಮನ ಕಥೆಯಲ್ಲಿ ಇರಲಿಲ್ಲ. "ಕತ್ತಲಾದರೂ ಹುಡುಗಿ ಬರಲಿಲ್ಲ. ಮಲತಾಯಿಗೆ ಹೆದರಿಕೆಯಾಯಿತು. ಕರೆಯೋಣವೆಂದರೆ ಯಾವ ಬಾಯಲ್ಲಿ ಕರೆಯುವುದು?"

ಅಲ್ಲಿಗೆ ನಿಂತಿತು. ಮುಂದೇನೆಂದು ಅವಳಿಗೆ ತೋಚಲಿಲ್ಲ. ಫೋನಿನ ಪರದೆಯಲ್ಲಿ ಸ್ವರದ ಗೆರೆ ನೆಟ್ಟಗೆ ಮಲಗಿ ಸಾಗುತ್ತಲೇ ಇತ್ತು.

"ಹೂಂ."

ಬಾಗಿಲ ಹಿಂದಿನಿಂದ. ಗೆರೆ ಒಂದು ಪುಟ್ಟ ಗುಡ್ಡವಾಗಿ ಎದ್ದು ಮತ್ತೆ ಮಲಗಿತು.

ಶರ್ವಾಣಿ ತಿರುಗಲಿಲ್ಲ, ರೆಕಾರ್ಡಿಂಗ್ ನಿಲ್ಲಿಸಲೂ ಇಲ್ಲ. "ಆಮೇಲೆ ಅವಳು ದೀಪ ಹಿಡಿದುಕೊಂಡು ತಾನೇ ಹುಡುಕಲು ಹೊರಟಳು" ಎಂದಳು.

"ಹೂಂ." ಈ ಸಲ ಇನ್ನೂ ಹತ್ತಿರದಿಂದ. "ಕಾಲಿಗೆ ಚಪ್ಪಲಿ ಹಾಕಿದಳಾ?"

"ಇಲ್ಲ. ಮರೆತೇಹೋಯಿತು."

"ಹೂಂ."

ಶರ್ವಾಣಿ ಗೋಡೆಯ ಕಡೆಗೆ ಸರಿದು, ಹೊದಿಕೆಯ ಒಂದು ಬದಿಯನ್ನು ಎತ್ತಿ ಹಿಡಿದುಕೊಂಡೇ ಕಥೆ ಮುಂದುವರಿಸಿದಳು.