ಅಕ್ಕನಿಗಾಗಿ ಹೊಡೆಯದ ಗಂಟೆ

ಅಕ್ಕ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಂಟು ದಿನ ತಡವಾಗಿ, ಅದೂ ಕ್ಷೌರಿಕನ ಬಾಯಿಂದ.

ಅದು ೧೯೫೮ರ ಆಗಸ್ಟ್ ತಿಂಗಳು. ಬೆಳ್ಮಣ್ಣಿನ ಹತ್ತಿರದ ನಮ್ಮ ಮನೆಯಲ್ಲಿ ನಾನು ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿ ಏಳನೆಯ ವಾರ ನಡೆಯುತ್ತಿತ್ತು. ಮಳೆಗಾಲದ ಆರಂಭದಲ್ಲಿ ತೋಡಿನ ಸಂಕ ದಾಟುವಾಗ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಉಮಾನಾಥ ವಾರಕ್ಕೊಮ್ಮೆ ಮನೆಗೇ ಬಂದು ನನಗೆ ಕ್ಷೌರ ಮಾಡುತ್ತಿದ್ದ. ಆದರೆ ನಡುವೆ ಅವನಿಗೆ ಜ್ವರ ಬಂದು ಎರಡು ವಾರ ಬಂದಿರಲಿಲ್ಲ.

ಅಂದು ನನ್ನ ಗಲ್ಲಕ್ಕೆ ಸಾಬೂನು ಹಚ್ಚಿ, ಕತ್ತಿ ಇಟ್ಟು, ಅವನು ಹೇಳಿದ: "ನಿಮ್ಮ ಅಕ್ಕ ಬರ್ತಾಬಾಯಿಯಂಥ ಹೆಂಗಸು ಇನ್ನು ಹುಟ್ಟುವುದಿಲ್ಲ ಪೊರ್ಬುಗಳೇ. ಏಳನೆಯ ದಿನದ ಪೂಜೆಗೆ ತುಂಬ ಜನ ಇದ್ದರಂತೆ. ಆದರೆ ಒಂದು ಮಾತು, ಇಗರ್ಜಿಯ ಗಂಟೆ ಯಾಕೆ ಹೊಡೆಯಲಿಲ್ಲ?"

ಕತ್ತಿ ಕುತ್ತಿಗೆಯ ಮೇಲಿತ್ತು. ನಾನು ಅಲುಗಾಡಲಿಲ್ಲ. ಅವನು ಕ್ಷೌರ ಪೂರ್ತಿ ಮಾಡಿ, ಮುಖ ಒರೆಸಿ, ನನ್ನ ಕಣ್ಣು ನೋಡಿದಾಗಲೇ ಅವನಿಗೆ ಅರ್ಥವಾದದ್ದು. "ಅಯ್ಯೋ ದೇವರೇ, ನಿಮಗೆ ಗೊತ್ತಿಲ್ಲವಾ?" ಎಂದವನೇ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಅಕ್ಕನ ಮನೆ ಇಗರ್ಜಿಯ ಆಚೆ ಬದಿಗೆ. ನಾನು ಬಿದ್ದಂದಿನಿಂದ ಪ್ರತಿ ಸಂಜೆ ಬರುತ್ತಿದ್ದಳು. ಒಂದು ದಿನ ಬರಲಿಲ್ಲ. ಜ್ವರ, ಕಾರ್ಕಳದ ಆಸ್ಪತ್ರೆಯಲ್ಲಿದ್ದಾಳೆ ಎಂದು ನನ್ನ ಹೆಂಡತಿ ಆಲಿಸ್ ಹೇಳಿದಳು. ಅದೇ ದಿನ ಅವಳು ಕಪ್ಪು ಸೀರೆ ಉಟ್ಟು, ಕಾಪುವಿನ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ಹೊರಟಿದ್ದಳು. ನಾನು ಅದನ್ನೂ ನಂಬಿದ್ದೆ. ನಿಜಕ್ಕೂ ಅಕ್ಕ ಅಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವಾಗಲೇ ಕುಸಿದು ತೀರಿಕೊಂಡಿದ್ದಳು.

ಉಮಾನಾಥ ಹೋದ ಮೇಲೆ ಆಲಿಸ್ ನನ್ನ ಮಂಚದ ಪಕ್ಕದಲ್ಲಿ ಕುಳಿತು ಅತ್ತಳು. "ಉಡುಪಿಯ ಡಾಕ್ಟರು ನಿಮ್ಮ ಮನಸ್ಸಿಗೆ ಪೆಟ್ಟಾಗಬಾರದು ಎಂದಿದ್ದರು. ಗಂಟೆ ಹೊಡೆದರೆ ನಿಮಗೆ ಗೊತ್ತಾಗುತ್ತದೆ. ಅದಕ್ಕೆ ಪಾದ್ರಾಬರ ಹತ್ತಿರ ಹೋಗಿ, ಗಂಟೆ ಬೇಡ ಎಂದು ನಾನೇ ಕೇಳಿಕೊಂಡೆ."

ಅವಳು ಹೇಳಿದ್ದು ನಿಜ. ಮೂವತ್ತನಾಲ್ಕು ವರ್ಷ ಆ ಇಗರ್ಜಿಯ ಗಂಟೆ ಹೊಡೆದವನು ನಾನೇ. ನಮ್ಮಲ್ಲಿ ಗಂಡಸು ಸತ್ತರೆ ಮೂರು ಮೂರು ಪೆಟ್ಟು, ಹೆಂಗಸು ಸತ್ತರೆ ಎರಡೆರಡು, ನಡುವೆ ಒಂದು 'ನಮಾನ್ ಮರಿಯೆ' ಜಪ ಹೇಳುವಷ್ಟು ಬಿಡುವು. ಊರಿನವರು ಕೆಲಸ ನಿಲ್ಲಿಸಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಯಾರೂ ಇಲ್ಲದ ಭಿಕ್ಷುಕಿಗೂ ನಾನು ಹೊಡೆದಿದ್ದೆ. ನನ್ನ ಅಕ್ಕ ಮಾತ್ರ ಗಂಟೆಯಿಲ್ಲದೆ ಮಣ್ಣಿಗೆ ಹೋದಳು, ಅದೂ ನನ್ನ ಕಾರಣದಿಂದ.

ಮೂರು ದಿನ ನಾನು ಆಲಿಸ್ ಜೊತೆ ಮಾತನಾಡಲಿಲ್ಲ. ಗಂಜಿ ಮುಟ್ಟಲಿಲ್ಲ. ತಲೆಯ ಮೇಲೆ ನೇತಾಡುತ್ತಿದ್ದ ಹಗ್ಗವನ್ನೂ ಮುಟ್ಟಲಿಲ್ಲ.

ಆ ಹಗ್ಗ ಕಟ್ಟಿಸಿದವಳು ಅಕ್ಕ. ಪ್ಲಾಸ್ಟರ್ ಹಾಕಿದ ದಿನ ಡಾಕ್ಟರು, "ಕಟ್ಟು ಕಾಲಿಗೆ ಮಾತ್ರ, ನಿಮಗಲ್ಲ. ಬೆರಳು ಆಡಿಸಿ, ತೊಡೆ ಬಿಗಿಹಿಡಿದು ಬಿಡಿ, ಕೈಗಳಿಗೆ ಕೆಲಸ ಕೊಡಿ" ಎಂದಿದ್ದರು. ನಾನು ಕೇಳಿ ಮರೆತೆ. ಅಕ್ಕ ಮರೆಯಲಿಲ್ಲ. ಬಾವಿಯ ಹಳೆಯ ಹಗ್ಗವನ್ನು ಜಂತಿಯ ಮೇಲಿಂದ ಇಳಿಬಿಟ್ಟು, ಆಚೆ ತುದಿಗೆ ಮರಳಿನ ಚೀಲ ಕಟ್ಟಿಸಿ, ಈಚೆ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಎಳೆ ಬಾಬ್."

"ಎಷ್ಟು ಸಲ?"

"ಜಪಮಾಲೆ ಹಿಡಿದು ತೇರ್ಸ್ ಹೇಳುತ್ತಾ ಎಳೆ. ಮಣಿಗೆ ಒಂದು. ಹತ್ತು ಹತ್ತು ಮಣಿಯ ಐದು ಸುತ್ತು ಮುಗಿದರೆ ಸಾಕು."

"ದೇವರ ಜಪ ಮಾಡುತ್ತಾ ಮರಳು ಎತ್ತುವುದಾ? ಪಾಪ ಬರುತ್ತದೆ," ಎಂದು ಆಲಿಸ್ ಗದರಿದಳು.

"ಮಲಗಿದಲ್ಲೇ ಜಪ ಮಾಡಿದರೆ ಇವನು ಮೂರನೆಯ ಮಣಿಗೆ ಗೊರಕೆ ಹೊಡೆಯುತ್ತಾನೆ. ಅದಕ್ಕಿಂತ ಇದು ಒಳ್ಳೆಯದಲ್ವಾ?" ಎಂದಳು ಅಕ್ಕ.

ಒಮ್ಮೆ ನಾನು ಎಳೆಯುವುದನ್ನು ನೋಡುತ್ತಾ ಕುಳಿತ ಅಕ್ಕ ಹೇಳಿದಳು: "ಬೇಗ ಏಳು ಮಾರಾಯ. ಈಗ ನಿನ್ನ ಬದಲು ಹೊಡೆಯುವವನ ಗಂಟೆ ಕೇಳಿದರೆ ಬೋಗುಣಿ ತೊಳೆದ ಹಾಗುಂಟು. ನಾನು ಸತ್ತಾಗ ನೀನೇ ಹೊಡಿ." ನಾವಿಬ್ಬರೂ ನಕ್ಕಿದ್ದೆವು.

ಸುದ್ದಿ ತಿಳಿದ ನಾಲ್ಕನೆಯ ದಿನ ನಮ್ಮ ವಿಗಾರರಾದ ಇಮ್ಯಾನುಯೆಲ್ ಪಾದ್ರಿಗಳು ಮನೆಗೆ ಬಂದರು. ಗಂಟೆ ನಿಲ್ಲಿಸಲು ಒಪ್ಪಿದ್ದು ತಮ್ಮದೂ ತಪ್ಪು ಎಂದರು. ಮೂವತ್ತನೆಯ ದಿನದ ಪೂಜೆ ಸೆಪ್ಟೆಂಬರ್ ಎಂಟರ ತೆನೆ ಹಬ್ಬದ ಮರುದಿನ ಬರುತ್ತದೆ, ಅಂದು ಪೂಜೆಗೆ ಮುಂಚೆ ಸಾವಿನ ಗಂಟೆ ಹೊಡೆಸುತ್ತೇನೆ ಎಂದರು.

"ನಾನೇ ಹೊಡೆಯುತ್ತೇನೆ," ಎಂದೆ.

ಅವರು ನನ್ನ ಕಾಲು ನೋಡಿದರು. "ಗೋಪುರಕ್ಕೆ ಇಪ್ಪತ್ತೆರಡು ಮೆಟ್ಟಿಲು ಉಂಟು ರೊಸಾರಿಯೊ."

"ನನಗೆ ಗೊತ್ತಿಲ್ಲವಾ ಪಾದ್ರಾಬ್?"

"ಮತ್ತೆ ಬಿದ್ದರೆ ನಿಮ್ಮ ಹೆಂಡತಿ ನನ್ನನ್ನು ಬಿಡುವುದಿಲ್ಲ. ಹಬ್ಬದ ದಿನ ನೀವು ಇಗರ್ಜಿಗೆ ನಡೆದುಕೊಂಡು ಬನ್ನಿ. ಬಂದರೆ ಹಗ್ಗ ನಿಮ್ಮದು. ಇಲ್ಲದಿದ್ದರೆ ಬೇರೆಯವರು ಹೊಡೆಯುತ್ತಾರೆ."

ಅವರು ಹೋದ ಮೇಲೆ ನಾನು ಹಗ್ಗ ಹಿಡಿದೆ. ಆಲಿಸ್ ಜಪಮಾಲೆ ತಂದು ಪಕ್ಕದಲ್ಲಿ ಕುಳಿತು, ಮಣಿ ಎಣಿಸತೊಡಗಿದಳು. ಅವಳ ಮೇಲಿನ ನನ್ನ ಸಿಟ್ಟು ಆ ಹೊತ್ತಿಗೆ ಅರ್ಧ ಇಳಿಯಿತು.

ಪ್ಲಾಸ್ಟರ್ ಕತ್ತರಿಸಿಕೊಂಡು ಉಡುಪಿಯಿಂದ ಬಸ್ಸಿನಲ್ಲಿ ಬಂದಾಗ ನನ್ನ ಕಾಲು ನೋಡಿ ನನಗೇ ನಾಚಿಕೆಯಾಯಿತು. ಉಮಾನಾಥ ತಾನು ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟು, ದಿನವೂ ಎಣ್ಣೆ ತಿಕ್ಕಲು ಬರುತ್ತಿದ್ದ. "ಇದು ಕಾಲಲ್ಲ ಪೊರ್ಬುಗಳೇ, ನುಗ್ಗೆಕಾಯಿ. ಸಾಂಬಾರಿಗೆ ಹಾಕಬಹುದು," ಎನ್ನುವನು. ಅವನ ಹೆಗಲು ಹಿಡಿದು ಮೊದಲ ದಿನ ಬಾಗಿಲಿನವರೆಗೆ ನಡೆದೆ. ಮರುದಿನ ಅಂಗಳ. ಪಾದ ಬಾತುಕೊಂಡಿತು, ಒಂದು ದಿನ ಸುಮ್ಮನಿರಬೇಕಾಯಿತು. ಆ ದಿನ ಕಳೆಯುವುದೇ ಕಷ್ಟವಾಯಿತು. ಮತ್ತೆ ಊರುಗೋಲು ಹಿಡಿದು ಗೇಟು, ಅಲ್ಲಿಂದ ಗದ್ದೆಯ ಬದು. ಕೂತಾಗಲೂ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಹಬ್ಬದ ದಿನ ಎರಡು ಕಡೆ ಕುಳಿತು ದಣಿವಾರಿಸಿಕೊಂಡು ಇಗರ್ಜಿ ಮುಟ್ಟಿದೆ. ಮಕ್ಕಳು ಮಾತೆಯ ಮೂರ್ತಿಗೆ ಹೂ ಅರ್ಪಿಸುತ್ತಿದ್ದರು. ಪಾದ್ರಿಗಳು ಪೀಠದಿಂದಲೇ ನನ್ನನ್ನು ನೋಡಿ ತಲೆಯಾಡಿಸಿದರು.

ಮರುದಿನ ಮುಂಜಾನೆ ಮಳೆ ನಿಂತಿತ್ತು. ಮೆಟ್ಟಿಲುಗಳನ್ನು ನಾನು ಹತ್ತಲಿಲ್ಲ. ಹಿಮ್ಮುಖವಾಗಿ ಕುಳಿತು, ಎರಡು ಕೈ ಊರಿ, ಒಂದೊಂದೇ ಮೆಟ್ಟಿಲು ಮೇಲೆ ಸರಿದೆ. ಆಲಿಸ್ ಊರುಗೋಲು ಹಿಡಿದು ಹಿಂದೆ ಬಂದಳು. "ಮಗು ಕುಂಡೆ ಜಾರಿಸಿದ ಹಾಗುಂಟು," ಎಂದು ಹೇಳಿ, ಎಷ್ಟೋ ದಿನಗಳ ಮೇಲೆ ನಕ್ಕಳು.

ಹಗ್ಗ ಹಿಡಿದು ಎದ್ದು ನಿಂತೆ. ಮೊದಲ ಎರಡು ಪೆಟ್ಟು ಸರಿಯಾಗಿ ಬಿದ್ದವು. ಎರಡನೆಯ ಜೋಡಿಗೆ ಕಾಲು ನಡುಗಿತು. ಮೂರನೆಯದಕ್ಕೆ ಮೊಣಕಾಲು ಮಡಚಿ ನಾನು ನೆಲಕ್ಕೆ ಕುಸಿದೆ.

"ಸಾಕು. ನಾನು ಕೆಳಗೆ ಹೋಗಿ ಇನ್ನೊಬ್ಬರನ್ನು ಕರೆಯುತ್ತೇನೆ," ಎಂದಳು ಆಲಿಸ್.

"ಬೇಡ. ನೀನು ಎಣಿಸು."

ಮೂವತ್ತನಾಲ್ಕು ವರ್ಷ ನಾನು ಆ ಗಂಟೆಯನ್ನು ಹೊಡೆದದ್ದು ಕಾಲಿನ ಬಲದಿಂದ, ಮೈಭಾರ ಹಾಕಿ. ಕುಳಿತು ಎಳೆಯಬಹುದು ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹಗ್ಗವನ್ನು ಮಲಗಿ ಎಳೆದಂತೆಯೇ ಎಳೆದೆ. ಗಂಟೆ ಮರಳಿನ ಚೀಲಕ್ಕಿಂತ ಭಾರ. ಆದರೂ ತೋಳುಗಳು ಸೋಲಲಿಲ್ಲ. ಎರಡು ಪೆಟ್ಟು. ಆಲಿಸ್ ನಮಾನ್ ಮರಿಯೆ ಹೇಳಿದಳು. ಮತ್ತೆ ಎರಡು. ಅಕ್ಕನ ಅರವತ್ತೆಂಟು ವರ್ಷಕ್ಕೆ ಒಂದೊಂದು ಪೆಟ್ಟಿನಂತೆ ಹೊಡೆದು ಮುಗಿಸಿದೆ. ಅಂಗೈ ಸುಲಿದಿತ್ತು.

ಗೋಪುರದ ಕಿಂಡಿಯಿಂದ ಕೆಳಗೆ ಗದ್ದೆಗಳು ಕಾಣುತ್ತಿದ್ದವು. ಹೆಂಗಸೊಬ್ಬಳು ಹುಲ್ಲಿನ ಹೊರೆ ಇಳಿಸಿ ಶಿಲುಬೆಯ ಗುರುತು ಹಾಕಿಕೊಂಡಳು. ಆಚೆ ಬದುವಿನಲ್ಲಿ ಪೆಟ್ಟಿಗೆ ಕೆಳಗಿಟ್ಟು ನಿಂತಿದ್ದ ಉಮಾನಾಥ ತಲೆಯ ಮುಂಡಾಸು ಬಿಚ್ಚಿ ಕೈ ಮುಗಿದಿದ್ದ.

ಆಲಿಸ್ ನನ್ನ ಅಂಗೈಯನ್ನು ತನ್ನ ಸೆರಗಿನಿಂದ ಸುತ್ತಿದಳು. ನಾವಿಬ್ಬರೂ ಅಲ್ಲೇ ಕುಳಿತು ಪ್ರಾರ್ಥಿಸಿದೆವು: ಕರುಣಾಳು ದೇವರೇ, ತಡವಾಗಿ ಬಂದ ನಮ್ಮನ್ನು ಕ್ಷಮಿಸು. ನಿನ್ನ ಮಗಳು ಬರ್ತಾಳಿಗೆ ಎಂದೂ ಮುಗಿಯದ ವಿಶ್ರಾಂತಿ ಕೊಡು, ನಿನ್ನ ಬೆಳಕಿನಲ್ಲಿ ಅವಳನ್ನು ಇರಿಸಿಕೋ, ಅವಳ ಆತ್ಮ ಶಾಂತಿಯಲ್ಲಿರಲಿ. ಆಮೆನ್.