ಭಾನುವಾರದ ಕಲ್ಲಿದ್ದಲು

೧

ಹೇಗೆ ಶುರು ಮಾಡಲಿ? ‘ಮೋಡಗಳ ಮೇಲೆ ಹಿತ್ತಾಳೆಯ ಹಡಗೊಂದು ತೇಲುತ್ತಿತ್ತು’ ಎಂದೇ? ಅದು ನಾನು ಕೈಬಿಟ್ಟ ಕಾದಂಬರಿಯ ಮೊದಲ ಸಾಲು. ‘ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟೆ’ ಎಂದೇ? ಅದು ಕೊನೆಗೆ ಬರಬೇಕಾದ ಮಾತು. ನೋಡಿ, ಮೊದಲ ಪ್ಯಾರಾದಲ್ಲೇ ಗುಟ್ಟು ರಟ್ಟು.

೨

ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು. ನನ್ನವರು ತೀರಿಕೊಂಡ ವರ್ಷ, ಭಾನುವಾರ ನಾನೊಬ್ಬಳೇ ಕೂರಬಾರದೆಂದು ಅಕ್ಕ ತನ್ನ ಮಗಳನ್ನು ಕಳಿಸತೊಡಗಿದಳು. ಹುಡುಗಿಗೆ ಆಗ ಹನ್ನೆರಡು. ಹೊತ್ತು ಹೋಗಲೆಂದು ಕಥೆ ಕಟ್ಟಿದೆ: ಕಿಡಿ ಎಂಬ ಪೋರಿ, ಉಗಿಯಿಂದ ಹಾರುವ ಹಡಗು, ಕೀಲಿ ಕೊಟ್ಟರೆ ಬೊಗಳುವ ನಾಯಿ, ಕಲ್ಲಿದ್ದಲ ಚಕ್ರವರ್ತಿ. (ಇದಕ್ಕೆ ಸ್ಟೀಮ್‌ಪಂಕ್ ಅನ್ನುತ್ತಾರೆಂದು ಅವಳೇ ಹೇಳಿದಳು. ನಾನು ಹುಚ್ಚಾಟ ಅಂದುಕೊಂಡಿದ್ದೆ.)

ಆಗ ಬಾಯಿ ತೆರೆದು ಕೇಳುತ್ತಿದ್ದವಳು ಈಗ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಊರವರಿಗೆಲ್ಲ ಬಾಯಿ ತೆರೆಸುತ್ತಾಳೆ. ಕಿಡಿಗೆ ಮಾತ್ರ ಇನ್ನೂ ಹದಿಮೂರು.

೪

(ಮೂರನ್ನು ಹರಿದು ಹಾಕಿದೆ. ಬರೀ ಯಂತ್ರದ ವರ್ಣನೆ. ನೀವು ಬಚಾವಾದಿರಿ.)

ನಿಜ ಹೇಳುತ್ತೇನೆ, ಏಳನೇ ಅಧ್ಯಾಯಕ್ಕೇ ಈ ಕಾದಂಬರಿ ನನಗೆ ಸಾಕುಬೇಕಾಗಿತ್ತು. ಆದರೆ ಪ್ರತಿ ಭಾನುವಾರ ಅವಳು ಚಪ್ಪಲಿ ಬಿಡುವ ಮೊದಲೇ “ಮುಂದೇನಾಯ್ತು ಚಿಕ್ಕಮ್ಮ?” ಎನ್ನುತ್ತಿದ್ದಳು. ಕಾದಂಬರಿ ನಿಂತರೆ ಅವಳು ಬರುವುದೂ ನಿಂತೀತೆಂದು ಹೆದರಿ ಬರೆದೆ.

“ಹನ್ನೊಂದನೇ ಅಧ್ಯಾಯದಿಂದ ಹಡಗಿನ ಹಗ್ಗ ಹಿಡ್ಕೊಂಡು ನೇತಾಡ್ತಿದೀನಿ,” ಎಂದು ಕಿಡಿ ಹಾಳೆಯೊಳಗಿಂದಲೇ ಜಗಳಕ್ಕೆ ಬಂದಳು. “ಸಾಯಿಸು, ಇಲ್ಲಾ ಇಳಿಸು.”

“ಸುಮ್ನಿರೇ. ನೀನು ಇಳಿದ್ರೆ ಅವಳು ಬರಲ್ಲ.”

೫

ಮೊನ್ನೆ ಭಾನುವಾರ ಅಕ್ಕನ ಮಗಳಿಗೆ ಓದಿ ಹೇಳುತ್ತಿದ್ದೆ. ಕಥೆಯಲ್ಲಿ ಕೀಲಿ ನಾಯಿ ಬೊಗಳಿತು. “ಅಯ್ಯೋ, ಆಮೇಲೆ?” ಎಂದಳು. ಆಗ ಹೊಳೆಯಿತು: ನಾನು ಹಿಂದಿನ ವಾರದ ಪುಟಗಳನ್ನೇ ಮತ್ತೆ ಓದುತ್ತಿದ್ದೆ. ಹಿಂದಿನ ವಾರವೂ ಅದೇ ಜಾಗದಲ್ಲಿ ಅದೇ ‘ಅಯ್ಯೋ’.

“ಏ ಕಳ್ಳಿ, ನೀನು ಕೇಳ್ತಾನೇ ಇಲ್ಲ!”

ಅವಳ ಮುಖ ಕೆಂಪಾಯಿತು. “ಬೈಬೇಡ ಚಿಕ್ಕಮ್ಮ. ನಂಗಿದು ಬೋರಾಗಿ ಯಾವ ಕಾಲ ಆಯ್ತು. ನಿಂಗೆ ಖುಷಿ ಅಲ್ವಾ ಅಂತ...”

“ನಂಗಾ? ಆ ನಾಯಿ ಕಂಡ್ರೆ ನಂಗೆ ಮೈಯೆಲ್ಲ ಉರಿಯತ್ತೆ!”

ಇಬ್ಬರಿಗೂ ಬೇಡದ ಹಡಗನ್ನು ಇಬ್ಬರೂ ಸೇರಿ ಇಷ್ಟು ವರ್ಷ ತಳ್ಳಿದ್ದೆವು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹಾಳೆಗಳನ್ನು ಕಟ್ಟಿ ಬೀರುವಿನ ಮೇಲೆ ಎಸೆದೆ. ನಗು ನಿಂತ ಮೇಲೆ ನನಗೆ ಭಯವಾಯಿತು.

೬

ಮುಕ್ತಾಯಗಳಿವೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಕಿಡಿ ಚಕ್ರವರ್ತಿಯನ್ನು ಸೋಲಿಸುತ್ತಾಳೆ. (ಆಕಳಿಕೆ.)

ಆ) ಕಿಡಿ ಬೀಳುತ್ತಾಳೆ. (ನನ್ನ ಕೈಲಾಗದು. ಸಾಕಿದ ಕೂಸು.)

ಇ) ಅಕ್ಕನ ಮಗಳು ಎದ್ದು ಹೋಗುತ್ತಾಳೆ, ಇನ್ನು ಬರುವುದಿಲ್ಲ. (ಇಲ್ಲಿ ಪೆನ್ನು ಮುಷ್ಕರ ಹೂಡಿತು.)

ಅವಳು ನಿಜಕ್ಕೂ ಎದ್ದಳು. ಚಪ್ಪಲಿ ಮೆಟ್ಟಿದಳು. ಮುಂದಿನ ವಾರ ಬರ್ತೀಯಾ ಎಂದು ಕೇಳಲು ನನಗೆ ಬಾಯೇ ಬರಲಿಲ್ಲ. ಬಾಗಿಲಲ್ಲಿ ನಿಂತು ಅವಳೇ ಕೇಳಿದಳು.

“ಚಿಕ್ಕಮ್ಮ, ಆ ಹಡಗಲ್ಲಿ ಕಲ್ಲಿದ್ದಲು ಎಷ್ಟಿದೆ?”

ಯೋಚಿಸಿದೆ. “ಒಂದು ವಾರಕ್ಕೆ ಆಗತ್ತೆ.”

“ಹಾಗಾದ್ರೆ ಭಾನುವಾರ ಬಂದು ಒಂದಿಷ್ಟು ಹಾಕಿ ಹೋಗ್ತೀನಿ. ಪಾಪ, ಕಿಡಿ ಬೀಳಬಾರದಲ್ಲ. ನೀನು ಮಾತ್ರ ಏನೂ ಬರೀಬೇಡ.”

೭

ಬರೆದಿಲ್ಲ. (ಇದು ಲೆಕ್ಕಕ್ಕಿಲ್ಲ.) ಕಿಡಿಗೆ ಕೂರಲು ಹಗ್ಗಕ್ಕೊಂದು ಹಲಗೆ ಕಟ್ಟಿಕೊಟ್ಟಿದ್ದೇನೆ, ಅಷ್ಟೇ. ಮುಂದೇನಾಯಿತು ಎಂದು ನೀವೂ ಕೇಳಬೇಡಿ. ಇವತ್ತಿನ್ನೂ ಶುಕ್ರವಾರ.